ಘಟ್ಟದ ಮೇಲೆ, ಘಟ್ಟದ ಕೆಳಗೆ: ನಮ್ಮ ಭೂಗೋಳದ ಮೇಷ್ಟ್ರು

ಕರಾವಳಿಯವರು ಮಲೆನಾಡು, ಬಯಲುಸೀಮೆ ಎರಡನ್ನೂ ಸೇರಿಸಿ ‘ಘಟ್ಟದ ಮೇಲೆ’ ಅಂದುಬಿಡುತ್ತಾರೆ. ನಮ್ಮ ಭೂಗೋಳದ ಮೇಷ್ಟ್ರು ಪಶ್ಚಿಮಘಟ್ಟದ ಪಾಠವನ್ನು ಈ ಮಾತಿನಿಂದಲೇ ಶುರು ಮಾಡುತ್ತಿದ್ದರು. ಎರಡೂ ಬದಿಗೆ ಸಮನಾಗಿ ಇಳಿಯುವ ಬೆಟ್ಟಸಾಲಾಗಿದ್ದರೆ ಹತ್ತಿದಷ್ಟೇ ಇಳಿಯಬೇಕಿತ್ತಲ್ಲ? ಘಟ್ಟ ಹತ್ತಿದವರು ಮೇಲೆಯೇ ಉಳಿಯುತ್ತಾರೆ. ಅದು ಪ್ರಸ್ಥಭೂಮಿಯ ಅಂಚು.

ಹೇಳಿ ಬಿಡುವವರಲ್ಲ, ಘಟ್ಟದ ಅಡ್ಡಕೊಯ್ತದ ಚಿತ್ರ ಬರೆಸುವವರು. ಕುದುರೆಮುಖದ ಟೋಪೋಶೀಟ್ (ನೆಲದ ಏರಿಳಿತ ತೋರಿಸುವ ನಕ್ಷೆ), 1:50,000. ನಕ್ಷೆಯ 2 ಸೆಂ.ಮೀ. ಎಂದರೆ ನೆಲದ 1 ಕಿ.ಮೀ. ಪಡುವಣದಿಂದ ಮೂಡಣಕ್ಕೆ ಗೆರೆ ಎಳೆದು, ಅದರಗುಂಟ ಕಾಗದದ ಪಟ್ಟಿಯಿಟ್ಟು, ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ದಾಟುವಲ್ಲೆಲ್ಲ ಗುರುತು ಹಾಕಿ ಎತ್ತರ ಬರೆಯಬೇಕು. ಆಮೇಲೆ ಪಟ್ಟಿಯನ್ನು ಗ್ರಾಫ್ ಹಾಳೆಯ ತಳಗೆರೆಗೆ ಕೂಡಿಸಿ ಚುಕ್ಕಿ ಏರಿಸಬೇಕು. ಕಷ್ಟವೆಲ್ಲ ಪಡುವಣ ಇಳಿಜಾರಿನಲ್ಲೇ. ಒಂದು ಕಾಂಟೂರಿಗೂ ಮುಂದಿನದಕ್ಕೂ ಎತ್ತರದ ಅಂತರ 20 ಮೀಟರ್. ಇಳಿಜಾರು 45 ಡಿಗ್ರಿ ಇದ್ದರೆ ಗೆರೆಗೂ ಗೆರೆಗೂ ನಡುವೆ ಸಿಗುವುದು 0.4 ಮಿ.ಮೀ. ಮೊಂಡು ಪೆನ್ಸಿಲ್ಲಿನ ಮೊನೆಯೇ ಅದಕ್ಕಿಂತ ದಪ್ಪ. ಅಂಥಲ್ಲಿ 100 ಮೀಟರಿಗೊಂದು ಬರುವ ದಪ್ಪ ಗೆರೆಗಳನ್ನಷ್ಟೇ ಹಿಡಿಯಿರಿ ಅನ್ನುತ್ತಿದ್ದರು. ಕಣಿವೆ ದಾಟುವಾಗ ಒಂದೇ ಎತ್ತರದ ಗೆರೆ ಎರಡು ಸಲ ಸಿಗುತ್ತದೆ. ಅದನ್ನು ಮರೆತು ಎಣಿಸುತ್ತ ಹೋದರೆ ಇಳಿಯಬೇಕಾದ ಹೊಳೆ ಗುಡ್ಡ ಹತ್ತುತ್ತದೆ! ಶಿಖರವೂ ಅಷ್ಟೆ, 1,880ರ ಕಾಂಟೂರಿನಲ್ಲಿ ಚಪ್ಪಟೆಯಾಗಿ ನಿಲ್ಲಬಾರದು, ಅದರ ನಿಜವಾದ ಎತ್ತರ 1,894 ಮೀಟರ್ ಮುಟ್ಟಬೇಕು.

ಎತ್ತರಕ್ಕೆ 1 ಸೆಂ.ಮೀ.ಗೆ 100 ಮೀಟರ್ ಇಟ್ಟರೆ ಚಿತ್ರ ಮೇಲ್ಮುಖವಾಗಿ 5 ಪಟ್ಟು ಹಿಗ್ಗುತ್ತದೆ. 10 ಡಿಗ್ರಿಯ ಸಾದಾ ಇಳಿಜಾರು ಕಾಗದದ ಮೇಲೆ 41 ಡಿಗ್ರಿಯಾಗಿ ನಿಲ್ಲುತ್ತದೆ. ‘5 ಪಟ್ಟು’ ಎಂದು ಮೂಲೆಯಲ್ಲಿ ಬರೆಯದ ಹಾಳೆಗೆ ಅವರ ಸಹಿ ಬೀಳುತ್ತಿರಲಿಲ್ಲ. ಘಟ್ಟವನ್ನು ಗೋಡೆಯಂತೆ ಬರೆದ ಚಿತ್ರಗಳನ್ನು ಕಂಡಾಗ ಆ ಹಟ ಸರಿಯೆನಿಸುತ್ತದೆ.

ಹಾಳೆ ಮುಗಿದ ಮೇಲೆ ನದಿಗಳ ಸರದಿ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಹತ್ತಿರದ ಅರಬ್ಬಿ ಸಮುದ್ರವನ್ನು ಬಿಟ್ಟು, ಕೃಷ್ಣೆಯನ್ನು ಕೂಡಿ ಬಂಗಾಳಕೊಲ್ಲಿಗೆ ಹೋಗುವುದೇಕೆ? ನೆಲ ಆ ಕಡೆಗೆ ವಾಲಿದೆ. ಪಡುವಣದ ಹೊಳೆಗಳಿಗೆ ಮಳೆ ಹೆಚ್ಚು, ಇಳಿಯುವ ದೂರ ಕಡಿಮೆ. ಆದ್ದರಿಂದ ಅವು ತಾವು ಹುಟ್ಟುವ ಕಡೆಗೇ ಹಿಂದಕ್ಕೆ ಕೊರೆಯುತ್ತ ಅಂಚನ್ನೇ ಮೂಡಣಕ್ಕೆ ಸರಿಸುತ್ತವೆ. ಮಾನವ ಕಾಲದ ಲೆಕ್ಕದಲ್ಲಲ್ಲ, ಅನ್ನಿ.

ಗುಡ್ಡದ ಮೇಲೆ ಕ್ಲಿನೋಮೀಟರ್ (ಇಳಿಜಾರಿನ ಕೋನ ಅಳೆಯುವ ಸಾಧನ) ಹಿಡಿದಾಗ ಎದುರಿನವರ ಮುಖಕ್ಕೆ ಗುರಿಯಿಡುವಂತಿರಲಿಲ್ಲ. ಅಳೆಯುವವರ ಕಣ್ಣಿನೆತ್ತರಕ್ಕೆ ಕೋಲಿನಲ್ಲಿ ಕೆಂಪು ಬಟ್ಟೆ ಕಟ್ಟಿಸುತ್ತಿದ್ದರು. 20 ಮೀಟರ್ ದೂರದಲ್ಲಿ ಗುರಿ 35 ಸೆಂ.ಮೀ. ತಪ್ಪಿದರೆ ಕೋನ 1 ಡಿಗ್ರಿ ತಪ್ಪುತ್ತದೆ. ಟೇಪಿನ ಅಳತೆಯನ್ನೂ ಹಾಗೇ ನಕ್ಷೆಗಿಳಿಸಬಾರದು: 30 ಡಿಗ್ರಿ ಇಳಿಜಾರಿನ ಮೇಲೆ ಹಾಸಿದ 20 ಮೀಟರ್, ನಕ್ಷೆಯ ಲೆಕ್ಕಕ್ಕೆ 17.3 ಮೀಟರ್.