ಮಡಿಕೇರಿಯಿಂದ ದುಬೈ: ಆಕಾಶದ ಲೆಕ್ಕ, ಘಾಟಿಯ ಲೆಕ್ಕ

ದುಬೈಗೆ ಟಿಕೆಟ್ ಹುಡುಕುವ ಕೊಡಗಿನವರು ಮೊದಲು ನೋಡುವುದು ವಿಮಾನ ಎಷ್ಟು ಗಂಟೆ ಹಾರುತ್ತದೆ ಅಂತ. ನಮ್ಮ ಜಿಲ್ಲೆಗೆ ಅದು ಕೊನೆಗೆ ನೋಡಬೇಕಾದ ವಿಷಯ. ನೇರ ಗೆರೆಯಲ್ಲಿ ಅಳೆದರೆ ಮಂಗಳೂರಿನಿಂದ ದುಬೈ ಸುಮಾರು 2,460 ಕಿ.ಮೀ., ಕಣ್ಣೂರಿನಿಂದ 2,590, ಬೆಂಗಳೂರಿನಿಂದ 2,700. ಹೆಚ್ಚೆಂದರೆ 240 ಕಿ.ಮೀ. ವ್ಯತ್ಯಾಸ. ಗಂಟೆಗೆ 850 ಕಿ.ಮೀ. ಓಡುವ ವಿಮಾನಕ್ಕೆ ಇದು 17 ನಿಮಿಷದ ಕೆಲಸ.

ರಸ್ತೆ ಹಾಗಲ್ಲ. ಮಡಿಕೇರಿಯಿಂದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣಕ್ಕೆ ಸುಮಾರು 90 ಕಿ.ಮೀ., ಮಂಗಳೂರಿನ ಬಜ್ಪೆಗೆ 140, ದೇವನಹಳ್ಳಿಗೆ ಹತ್ತಿರ ಹತ್ತಿರ 300. ಕಾರಿನಲ್ಲಿ ಕ್ರಮವಾಗಿ ಮೂರು, ನಾಲ್ಕು, ಏಳು ಗಂಟೆ ಹಿಡಿಯಿರಿ. ವಿರಾಜಪೇಟೆಯವರಿಗಂತೂ ಕಣ್ಣೂರು 60 ಕಿ.ಮೀ. ಅಷ್ಟೇ. 2018ರ ಡಿಸೆಂಬರ್‌ನಲ್ಲಿ ಆ ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನ ಲೆಕ್ಕವೇ ಬದಲಾಯಿತು.

ಇನ್ನು ಹಾರಾಟ. ಕಣ್ಣೂರಿನಿಂದ 2,590 ಕಿ.ಮೀ.ಗೆ ಮೂರು ಗಂಟೆ ಸಾಕು ಅನ್ನಿಸುತ್ತದೆ, ಟಿಕೆಟ್‌ನಲ್ಲಿ ಮೂರೂವರೆ ಇರುತ್ತದೆ. ನಿಂತ ಜಾಗದಿಂದ ಕದಲಿ ಅಲ್ಲಿ ಹೋಗಿ ನಿಲ್ಲುವವರೆಗಿನ ಸಮಯ ಅದು. ರನ್‌ವೇವರೆಗಿನ ಓಡಾಟ, ಏರುವ ಇಳಿಯುವ ನಿಧಾನ, ದಾರಿಯ ಬಳಸು ಎಲ್ಲವೂ ಸೇರಿದೆ. ಟಿಕೆಟ್‌ನ ಎರಡು ಸಮಯಗಳನ್ನು ಕಳೆದು ನೋಡಬೇಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟರೆ ಅಲ್ಲಿನ ಗಡಿಯಾರದಲ್ಲಿ 12, ಎರಡೇ ಗಂಟೆ ಆದಂತೆ ಕಾಣುತ್ತದೆ. ಬರುವಾಗ ಐದು ಗಂಟೆಯಷ್ಟು ಕಾಣುತ್ತದೆ. ಗಾಳಿಯ ಪಾಲೂ ಇದೆ: ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಬರುವ ವಿಮಾನವನ್ನು ತಳ್ಳುತ್ತದೆ. ಮಳೆಗಾಲದಲ್ಲಿ ಕೆಳಗೆ ನೈಋತ್ಯ ಗಾಳಿ ಬೀಸುತ್ತಿದ್ದರೂ ದಕ್ಷಿಣ ಭಾರತದ ಮೇಲೆ ಬಲು ಎತ್ತರದಲ್ಲಿ ಪೂರ್ವದಿಂದ ಗಾಳಿ ಇರುತ್ತದೆ. ಏನೇ ಆದರೂ ಕೆಲವು ನಿಮಿಷಗಳ ಹೆಚ್ಚುಕಮ್ಮಿ.

ಗಂಟೆಗಟ್ಟಲೆ ಹೋಗುವುದು ಘಾಟಿಯಲ್ಲಿ. ಕಣ್ಣೂರಿಗೆ ಹೋಗುವಾಗ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವ ರಸ್ತೆ ಪೂರ್ತಿ ಕಾಡು, ತಿರುವಿನ ಮೇಲೆ ತಿರುವು. ಒಂದು ಮರ ಅಡ್ಡ ಬಿದ್ದರೆ ಎರಡೂ ಕಡೆ ವಾಹನ ನಿಲ್ಲುತ್ತವೆ, ಪಕ್ಕದಲ್ಲಿ ನುಸುಳಲು ದಾರಿಯಿಲ್ಲ, ಎಷ್ಟೋ ಕಡೆ ಫೋನ್ ಸಿಗುವುದಿಲ್ಲ. ಬೆಳಗಿನ ಜಾವ ಆನೆ ಇದ್ದರೆ ಅದು ಹೋಗುವವರೆಗೆ ಕಾಯಲೇಬೇಕು, ಹಾರ್ನ್ ಹೊಡೆಯಬೇಡಿ. ಮಂಗಳೂರು ಕಡೆಗೆ ಇಳಿಯುವ ಸಂಪಾಜೆ ಘಾಟಿಯೂ ಮಳೆಗೆ ನಂಬಿಕಸ್ಥವಲ್ಲ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು.

ಹಾಗಾಗಿ ಹಿಂದಿನಿಂದ ಎಣಿಸಿ. ಕಣ್ಣೂರಿನಿಂದ ವಿಮಾನ ಬೆಳಿಗ್ಗೆ 10ಕ್ಕೆ ಅಂದರೆ 7ಕ್ಕೆ ನಿಲ್ದಾಣದಲ್ಲಿರಬೇಕು. ಅಂತರರಾಷ್ಟ್ರೀಯ ವಿಮಾನದ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆಮೇಲೆ ಯಾರನ್ನು ಬೇಡಿಕೊಂಡರೂ ಆಗದು. ಬೇಸಿಗೆಯಲ್ಲಿ ಮಡಿಕೇರಿಯಿಂದ 4ಕ್ಕೆ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ಸಂಜೆಯೇ ಘಾಟಿ ಇಳಿದು ಇರಿಟ್ಟಿಯಲ್ಲೋ ಮಟ್ಟನ್ನೂರಿನಲ್ಲೋ ಉಳಿಯುವುದು ಕ್ಷೇಮ. ಎರಡೂ ಘಾಟಿ ಕೈಕೊಡುವಷ್ಟು ಮಳೆ ಇದ್ದರೆ ಕುಶಾಲನಗರ, ಹುಣಸೂರು, ಮೈಸೂರು ದಾರಿಯಲ್ಲಿ ಬೆಂಗಳೂರಿಗೇ ಹೋಗಿ, ದೂರವಾದರೂ ತಲುಪುತ್ತೀರಿ.

ಬರುವಾಗ ದುಬೈಯಿಂದ ರಾತ್ರಿ ಒಂದರ ಹೊತ್ತಿಗೆ ಹೊರಡುವ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಕಣ್ಣೂರಿನಲ್ಲಿ ಆರರ ಸುಮಾರಿಗೆ ಇಳಿದು, ಸಾಮಾನು ತೆಗೆದುಕೊಂಡು ಹೊರಟರೆ ಮಾಕುಟ್ಟ ಹತ್ತುವಾಗ ಚೆನ್ನಾಗಿ ಬೆಳಕಾಗಿರುತ್ತದೆ.