ಎಷ್ಟು ಬೇಕಾದರೆ "ಬೇಕು"?

ಶನಿವಾರ ರಾತ್ರಿ ಎಂಟೂವರೆಗೆ ಮನೆಯ ದೀಪಗಳನ್ನೆಲ್ಲ ಆರಿಸಿ ಕೂತಿದ್ದೆವು. 2007ರಲ್ಲಿ ಸಿಡ್ನಿಯಲ್ಲಿ ಶುರುವಾದ ಅರ್ಥ್ ಅವರ್ ಈ ಸಲ ನಮ್ಮನೆಗೂ ಬಂತು, ಮಗಳ ಹಟದಿಂದ. ಕತ್ತಲಲ್ಲಿ ಫ್ರಿಡ್ಜ್ ಗುಂಯ್ ಅನ್ನುತ್ತಲೇ ಇತ್ತು. ಅದರ ಮಾತು ಯಾರೂ ಎತ್ತಲಿಲ್ಲ. ಮೊಬೈಲ್ ಟಾರ್ಚಿನ ಬೆಳಕಲ್ಲಿ ಅವಳು ಸೋಮವಾರದ ಭಾಷಣ ಓದತೊಡಗಿದಳು. "ಮುಂದುವರಿದ ದೇಶಗಳು ಮೊದಲು ತಮ್ಮ ಹೊಗೆ ಕಡಿಮೆ ಮಾಡಬೇಕು..."

"ನಿಲ್ಲು ಪುಟ್ಟಿ," ಅಂದರು ಭಾವ. "ಮಾಡಬೇಕು ಅಂದ್ರೆ? ಮಾಡತಕ್ಕದ್ದೋ, ಮಾಡಿದ್ರೆ ಒಳ್ಳೇದೋ?"

ಭಾವ ವಕೀಲರು. ಮದುವೆ ಕರೆಯೋಲೆ ಕೈಗೆ ಕೊಟ್ಟರೂ ಅದರಲ್ಲಿ ಲೋಪ ಹುಡುಕುವ ಪೈಕಿ. ಮಗಳ ಮುಖ ಚಿಕ್ಕದಾಯಿತು. ನನಗೆ ಸಿಟ್ಟು ಬಂತು, ಜೊತೆಗೆ ಪ್ಯಾರಿಸ್ಸಿನ ಹವಾಮಾನ ಸಮ್ಮೇಳನವೂ ನೆನಪಾಯಿತು. ಆ ಕತೆ ಹೇಳಿದೆ.

2015ರ ಡಿಸೆಂಬರ್ 12. ಸುಮಾರು ಇನ್ನೂರು ದೇಶಗಳ ಪ್ರತಿನಿಧಿಗಳು ಒಪ್ಪಂದಕ್ಕೆ ಕಾದು ಕೂತಿದ್ದಾರೆ. ಅಂತಿಮ ಕರಡಿನ ನಾಲ್ಕನೇ ವಿಧಿಯಲ್ಲಿ, ಮುಂದುವರಿದ ದೇಶಗಳು ಹೊಗೆ ತಗ್ಗಿಸುವುದರಲ್ಲಿ ಮುಂದೆ ನಿಲ್ಲುವ ಮಾತಿದ್ದಲ್ಲಿ, "ಶುಡ್" ಇರಬೇಕಾದ ಕಡೆ "ಶಲ್" ಬಂದುಬಿಟ್ಟಿದೆ ಅಂತ ಅಮೆರಿಕದವರು ತಕರಾರು ತೆಗೆದರು. ಶುಡ್ ಅಂದರೆ ಮಾಡಿದರೆ ಒಳ್ಳೇದು. ಶಲ್ ಅಂದರೆ ತಕ್ಕದ್ದು, ಕಾನೂನಿನ ಕಟ್ಟು. ಹಾಗಿದ್ದರೆ ಅವರ ಸೆನೆಟ್ ಮುಂದೆ ಹೋಗಬೇಕು, ಅಲ್ಲಿ ಅದು ಪಾಸಾಗುವ ಮಾತೇ ಇರಲಿಲ್ಲ. ಸಭೆ ತಡವಾಯಿತು. ಕೊನೆಗೆ ಅಧಿಕಾರಿಯೊಬ್ಬರು ಅಲ್ಪವಿರಾಮ, ಅಕ್ಷರತಪ್ಪುಗಳ ತಿದ್ದುಪಡಿ ಪಟ್ಟಿ ಓದುತ್ತ ಅದರ ನಡುವೆ ಶಲ್ ಹೋಗಿ ಶುಡ್ ಆದದ್ದನ್ನೂ ಓದಿದರು. ಸಭೆಯ ಅಧ್ಯಕ್ಷ ಲೊರಾಂ ಫಾಬಿಯೂಸ್ ಪುಟ್ಟ ಹಸಿರು ಸುತ್ತಿಗೆ ಬಡಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ.

"ಅಂದ್ರೆ ಅಮ್ಮ, ಅಕ್ಷರತಪ್ಪು ಅಂತ ಸುಳ್ಳು ಹೇಳಿದ್ರಾ?"

ಈ ಪ್ರಶ್ನೆಗೆ ಭಾವ ಕೂಡ ಸುಮ್ಮನಾದರು. ಕತ್ತಲಲ್ಲಿ ಅವರ ಮುಖ ಕಾಣದ್ದಕ್ಕೆ ಬೇಸರವಾಯಿತು.

ರಾತ್ರಿಯಿಡೀ ಅದೇ ತಲೆಯಲ್ಲಿ. ಮಾಡತಕ್ಕದ್ದೋ, ಮಾಡಿದ್ರೆ ಒಳ್ಳೇದೋ? ನಮ್ಮ "ಬೇಕು" ಎಂಥ ಜಾಣ ಪದ ನೋಡಿ. ಆಸೆಗೂ ಅದೇ, ಅಗತ್ಯಕ್ಕೂ ಅದೇ, ಅಪ್ಪಣೆಗೂ ಅದೇ. ಪ್ಯಾರಿಸ್ ಮಾತುಕತೆ ಕನ್ನಡದಲ್ಲಿ ನಡೆದಿದ್ದರೆ ಆ ತಕರಾರೇ ಹುಟ್ಟುತ್ತಿರಲಿಲ್ಲವೇನೋ.

ಗಟ್ಟಿ ಪದ ಇದ್ದರೆ ಸಾಕಿತ್ತಾ ಅಂದರೆ, ಅದೂ ಅನುಮಾನ. ಹೊಗೆ ತಗ್ಗಿಸಲು ಮಾಡಿಕೊಂಡ 1997ರ ಕ್ಯೋಟೋ ಒಪ್ಪಂದದಲ್ಲಿ ಇದ್ದದ್ದು ತಕ್ಕದ್ದೇ. ಅಮೆರಿಕ ಸಹಿ ಹಾಕಿಯೂ ಅನುಮೋದಿಸಲಿಲ್ಲ, ಕೆನಡಾ 2011ರಲ್ಲಿ ಹೊರನಡೆಯುವುದಾಗಿ ಹೇಳಿತು. ಓಝೋನ್ ಪದರಕ್ಕಾಗಿ ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದಲ್ಲೂ ತಕ್ಕದ್ದೇ ಇತ್ತು, ಅದು ಫಲ ಕೊಟ್ಟಿತು. ಅಲ್ಲಿ ಫ್ರಿಡ್ಜಿನೊಳಗಿನ ಅನಿಲ ಬದಲಾದರೆ ಸಾಕಿತ್ತು. ಇಲ್ಲಿ ಫ್ರಿಡ್ಜನ್ನು ಓಡಿಸುವ ಕರೆಂಟೇ ಬದಲಾಗಬೇಕು. ಇಷ್ಟಾಗಿ, ಅಮೆರಿಕ ಜಾರದಿರಲಿ ಅಂತ ಮೆತ್ತಗೆ ಮಾಡಿದ ಪ್ಯಾರಿಸ್ಸಿನಿಂದಲೂ ಅದು 2020ರಲ್ಲಿ ಹೊರಗೆ, 2021ರಲ್ಲಿ ಒಳಗೆ, 2025ರಲ್ಲಿ ಮತ್ತೆ ಹೊರಡುವ ಘೋಷಣೆ. ಹಾಗಾದರೆ ಆ ಸಂಜೆ ಉಳಿಸಿಕೊಂಡಿದ್ದೇನು?

2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲೂ ಜಗಳ ಪದದ್ದೇ. ಕಲ್ಲಿದ್ದಲನ್ನು ಹಂತ ಹಂತವಾಗಿ "ನಿಲ್ಲಿಸುವುದು" ಅಂತ ಇದ್ದದ್ದು ಕೊನೇ ಗಳಿಗೆಯಲ್ಲಿ "ಇಳಿಸುವುದು" ಆಯಿತು. ಅಧ್ಯಕ್ಷ ಅಲೋಕ್ ಶರ್ಮಾ ವೇದಿಕೆ ಮೇಲೆಯೇ ಗದ್ಗದಿತರಾಗಿ ಕ್ಷಮೆ ಕೇಳಿದರು. ನನಗೆ ಆ ಮನುಷ್ಯನ ಮೇಲೆ ಗೌರವ ಮೂಡಿದ್ದು ಆಗಲೇ. ಪದ ಮೆತ್ತಗಾದಾಗ ನೋವಾಯಿತು ಅಂತ ತೋರಿಸಿಕೊಂಡರಲ್ಲ, ಅಷ್ಟಕ್ಕೇ.

ಅಷ್ಟರಲ್ಲಿ ಗಾಳಿಯನ್ನು ಅಳೆಯುವ ಹವಾಯಿಯ ಮೌನಾ ಲೋವಾ ಕೇಂದ್ರದ ಅಳತೆ ಮಾತ್ರ ಯಾರ ವ್ಯಾಕರಣಕ್ಕೂ ಕಾಯಲಿಲ್ಲ. 1958ರಲ್ಲಿ ಹತ್ತು ಲಕ್ಷ ಪಾಲಿಗೆ 315ರಷ್ಟಿದ್ದ ಇಂಗಾಲದ ಡೈ ಆಕ್ಸೈಡ್ ಈಗ 420 ದಾಟಿದೆ.

ಭಾನುವಾರ ಮಗಳು ಪೆನ್ಸಿಲ್ ತೆಗೆದುಕೊಂಡು "ಮಾಡಬೇಕು" ನಡುವೆ ಒಂದು "ಲೇ" ತುರುಕಿದಳು. ಜಾಗ ಸಾಲದೆ ಅದು ಸಾಲಿನ ಮೇಲೆ ಹತ್ತಿ ಕೂತಿತ್ತು. ಸೋಮವಾರ ಸಂಜೆ ಅದೇ ಹಾಳೆ ಕೆಂಪು ಶಾಯಿಯೊಂದಿಗೆ ವಾಪಸ್ಸು. ಟೀಚರ್ ಇಡೀ ವಾಕ್ಯ ಹೊಡೆದುಹಾಕಿ ಬರೆದಿದ್ದರು: "ಎಲ್ಲರೂ ಸೇರಿ ಹೊಗೆ ಕಡಿಮೆ ಮಾಡೋಣ." ಮುಂದುವರಿದ ದೇಶಗಳೂ ಇಲ್ಲ, ಮೊದಲು ಯಾರು ಅನ್ನುವುದೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಭಾವನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ತುಂಬ ಹೊತ್ತು ನಕ್ಕರು.

"ಆ ಟೀಚರನ್ನ ಮುಂದಿನ ಶೃಂಗಸಭೆಗೆ ಕಳಿಸಮ್ಮ," ಅಂದರು. "ಮಧ್ಯಾಹ್ನದೊಳಗೆ ಎಲ್ಲ ದೇಶದವರೂ ಸಹಿ ಹಾಕ್ತಾರೆ."