ತಲೆಕೆಳಗಾದ ಕಲ್ಲು

ಮಳೆಗಾಲಕ್ಕೆ ಮುಂಚೆ ಕಾಫಿ ಕಣದ ಪಕ್ಕ ಒಂದು ತಡೆಗೋಡೆ ಕಟ್ಟಿಸಿದೆ. ಕಲ್ಲು ಕೊಳ್ಳಲಿಲ್ಲ. ಅಪ್ಪ ಕಟ್ಟಿಸಿದ್ದ ಹಳೆ ಮನೆ ಬಿಚ್ಚಿದಾಗ ಉಳಿದ ಸೈಜುಗಲ್ಲು ಹಿತ್ತಲಲ್ಲಿ ಹಾಗೇ ಬಿದ್ದಿತ್ತು. ಗೋಡೆ ಅರ್ಧ ಏಳುವಷ್ಟರಲ್ಲಿ ಹೆಂಡತಿ ಬಂದು ನೋಡಿದಳು. "ರೀ, ಓಂ ತಲೆಕೆಳಗಾಗಿದೆ."

ಬಾಗಿಲ ಮೇಲಿದ್ದ ಕಲ್ಲು ಅದು. ಮೇಲೆ ಓಂ, ಕೆಳಗೆ 1961. ಮೇಸ್ತ್ರಿಯನ್ನು ಕೇಳಿದರೆ, "ಸಮ ಇರೋ ಕಡೆ ಅಡಿಗೆ ಬರ್ಬೇಕು ಸಾರ್, ಇಲ್ಲಾಂದ್ರೆ ಅಲ್ಲಾಡುತ್ತೆ" ಅಂದ. ನನಗೆ ನಗು ಬಂತು. ಇದೇ ಮಾತನ್ನು ನಾನು ಹೋದ ವರ್ಷ ಇಂಗ್ಲೆಂಡಿನಲ್ಲಿ ಮಗಳಿಗೆ ಹೇಳಿದ್ದೆ.

ಅವಳು ಡರ್ಹಮ್‌ನಲ್ಲಿ ಓದುತ್ತಾಳೆ. ಮಡಿಕೇರಿ ಸುತ್ತ ಮೂವತ್ತು ವರ್ಷ ಕಂಟ್ರಾಕ್ಟರ್ ಆಗಿದ್ದ ಅಪ್ಪನಿಗೆ ಹಿಡಿಸುತ್ತೆ ಅಂತ ಎಸ್ಕೋಂಬ್ ಎಂಬ ಹಳ್ಳಿಯ ಚರ್ಚ್ ತೋರಿಸಿದಳು. ಏಳನೇ ಶತಮಾನದ ಕೊನೆಯ ಕಡೆ ಕಟ್ಟಿದ್ದು. ಪುಟ್ಟದು, ಗೋಪುರವಿಲ್ಲ. ಒಳಗಿನ ಉದ್ದ ಅಗಲದ ಮೂರರಷ್ಟು, ಗೋಡೆ ಮಾತ್ರ ಸಿಕ್ಕಾಪಟ್ಟೆ ಎತ್ತರ. ಕಿಟಕಿಗಳು ಕಿಂಡಿಯಷ್ಟೇ, ಒಳಮುಖಕ್ಕೆ ಅಗಲ ಬಿಡಿಸಿದ್ದಾರೆ. ಇದ್ದ ಚೂರು ಬೆಳಕು ಹರಡಲಿ ಅಂತ.

ಕಲ್ಲೆಲ್ಲ ಹತ್ತಿರದ ಬಿಂಚೆಸ್ಟರ್‌ನ ರೋಮನ್ ಕೋಟೆಯದು. ಬ್ರಿಟನ್ನಿನಲ್ಲಿ ರೋಮನ್ನರ ಆಡಳಿತ ಮುಗಿದದ್ದು 410ರ ಸುಮಾರಿಗೆ. ಇನ್ನೂರೈವತ್ತು ವರ್ಷ ಪಾಳುಬಿದ್ದ ಕೋಟೆ, ಚೌಕವಾಗಿ ಕಡಿದಿಟ್ಟ ಕಲ್ಲು. ನಾನಾದರೂ ಬಿಡುತ್ತಿರಲಿಲ್ಲ. ಕಲ್ಲಿನ ಕೆಲಸದಲ್ಲಿ ಅರ್ಧ ಖರ್ಚು ಉಳಿಗೇ ಹೋಗುತ್ತೆ. ಕೆಲವು ಕಲ್ಲಿನ ಮೇಲೆ ರೋಮನ್ ಉಳಿಯ ಅಡ್ಡಗೆರೆಗಳು ಇನ್ನೂ ಬೆರಳಿಗೆ ತಾಗುತ್ತವೆ. ಗರ್ಭಗುಡಿಯಂಥ ಒಳಭಾಗದ ಮುಂದಿನ ಕಮಾನನ್ನಂತೂ ಕೋಟೆಯಿಂದ ಇಡಿಯಾಗಿ ಬಿಚ್ಚಿ ತಂದು ಜೋಡಿಸಿದ್ದು ಎನ್ನುತ್ತಾರೆ. ನಂಬಬಹುದು. ಬಿಚ್ಚುವಾಗ ಕಲ್ಲಿಗೆ ಗುರುತು ಹಾಕಿಕೊಂಡು, ಇಲ್ಲಿ ಮರದ ಸೆಂಟ್ರಿಂಗ್ ಕೊಟ್ಟರೆ ಆಯ್ತು. ಹೊಸದಾಗಿ ಕೆತ್ತುವುದೇ ಜಾಸ್ತಿ ಕಷ್ಟ.

ಉತ್ತರದ ಗೋಡೆಯ ಒಂದು ಕಲ್ಲಿನಲ್ಲಿ 'ಲೆಗ್' ಎಂಬ ಅಕ್ಷರ, ರೋಮನ್ ಆರು. ಲೆಗ್ ಅಂದರೆ ಲೀಜನ್, ಸೈನ್ಯದಳ. ಆರನೇ ದಳದ ಗುರುತು. ಅದು ತಲೆಕೆಳಗಾಗಿದೆ. ರೋಮನ್ನರನ್ನು ಸೋಲಿಸಿದೆವು ಅಂತ ತೋರಿಸಲು ಹೀಗೆ ಇಟ್ಟರೇನೋ ಅಂದಳು ಮಗಳು. "ಸುಮ್ನಿರು, ಸಮ ಇರೋ ಕಡೆ ಅಡಿಗೆ ಬಂದಿದೆ ಅಷ್ಟೇ" ಅಂದೆ.

ಎಲ್ಲ ಕಡೆ ಅಷ್ಟೇ ಅಂತಲ್ಲ. ನಮ್ಮ ಮಡಿಕೇರಿ ಕೋಟೆಯನ್ನೇ ನೋಡಿ. ಒಳಗಿದ್ದ ವೀರಭದ್ರ ದೇವಸ್ಥಾನ ತೆಗೆದು ಬ್ರಿಟಿಷರು 1855ರಲ್ಲಿ ಚರ್ಚ್ ಕಟ್ಟಿದರು. ಅದು ಕಲ್ಲಿನ ಆಸೆಗೆ ಮಾಡಿದ ಕೆಲಸ ಅಲ್ಲವೇ ಅಲ್ಲ. ಈಗ ಆ ಚರ್ಚೇ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ನಮ್ಮ ಹಳೆ ಶಿಲ್ಪಗಳು ಸಾಲಾಗಿ ಕೂತಿವೆ. ಶಾಲೆ ಮಕ್ಕಳು ಹೊರಗೆ ಗಾರೆ ಆನೆಗಳ ಹತ್ತಿರ ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಇಷ್ಟನ್ನೂ ಹೆಂಡತಿಗೆ ಕಣದಲ್ಲೇ ನಿಂತು ವಿವರಿಸಿದೆ. ರೋಮನ್ನರ ಹೆಸರೇ ತಲೆಕೆಳಗಾಗಿ ಸಾವಿರದ ಮುನ್ನೂರು ವರ್ಷದಿಂದ ಗೋಡೆ ನಿಂತಿದೆ ಕಣೇ ಅಂದೆ. "ಅವರ ಮನೇಲಿ ಹೇಳೋರು ಕೇಳೋರು ಇರ್ಲಿಲ್ಲ" ಅಂದಳು.

ಮೇಸ್ತ್ರಿ ಗೊಣಗುತ್ತಾ ಎರಡು ವರಸೆ ಬಿಚ್ಚಿದ. ಕಲ್ಲು ತಿರುಗಿಸಿ, ಅಡಿಗೆ ನಾಲ್ಕು ಚಕ್ಕೆ ಕೊಟ್ಟು ನಿಲ್ಲಿಸಿದ. ಓಂ ಮೇಲೆ ಬಂತು. 1961 ಮಾತ್ರ ಹೇಗಿತ್ತೋ ಹಾಗೇ ಇದೆ.